ಕೇಳುವುದಷ್ಟೇ ಕೆಲಸವಾದ ಸರ್ವರ್‌ನಲ್ಲಿ ಐಡಲ್ ಟೈಮ್‌ಔಟ್

ರೂಟರ್, ಸ್ವಿಚ್, ಫೈರ್‌ವಾಲ್‌ಗಳು ಟಿಸಿಪಿ ಸಂಪರ್ಕದ ಮೂಲಕ ಕಳುಹಿಸುವ ಸಿಸ್‌ಲಾಗ್ (ಸಾಧನದಲ್ಲಿ ನಡೆದ ಘಟನೆಗಳ ದಾಖಲೆ) ಸಂದೇಶಗಳನ್ನು ಸಂಗ್ರಹಿಸುವ ಸರ್ವರ್ ತನ್ನ ಕಡೆಯಿಂದ ಒಂದು ಬೈಟನ್ನೂ ಕಳುಹಿಸುವುದಿಲ್ಲ. ತೊಡಕು ಹುಟ್ಟುವುದೇ ಇಲ್ಲಿ. ಡೇಟಾ ಕಳುಹಿಸುವ ಸರ್ವರ್ ಆಗಿದ್ದರೆ, ಎದುರಿನ ಸಾಧನದ ವಿದ್ಯುತ್ ಹೋದಾಗ ಉತ್ತರ ಬಾರದೆ ಮರುರವಾನೆಗಳೆಲ್ಲ ವಿಫಲವಾಗಿ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ಲೇ ದೋಷವನ್ನು ತಿಳಿಸುತ್ತಿತ್ತು. ಬರಿದೇ ಓದಲು ಕಾದಿರುವ ಸರ್ವರ್‌ಗೆ ಸಂಪರ್ಕ ಮುಗಿಯಿತೆನ್ನುವ ಫಿನ್ ಅಥವಾ ಅದನ್ನು ಕಡಿದುಹಾಕುವ ರೀಸೆಟ್ ಪ್ಯಾಕೆಟ್ ಬಾರದ ಹೊರತು ಏನೂ ಗೊತ್ತಾಗುವುದಿಲ್ಲ. ಹೀಗೆ ಸತ್ತ ಸಂಪರ್ಕಗಳು ಒಂದೊಂದಾಗಿ ಉಳಿದುಕೊಂಡು, ಪ್ರಕ್ರಿಯೆಯ ಫೈಲ್ ಡಿಸ್ಕ್ರಿಪ್ಟರ್ ಮಿತಿ, ಅಂದರೆ ಅದು ಒಮ್ಮೆಗೆ ತೆರೆದಿಡಬಹುದಾದ ಫೈಲ್ ಮತ್ತು ಸಂಪರ್ಕಗಳ ಮಿತಿ (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 1024) ಮುಟ್ಟಿದ ದಿನ ಹೊಸ ಸಾಧನಗಳಿಗೆ ಬಾಗಿಲು ಮುಚ್ಚುತ್ತದೆ.

ಇದಕ್ಕೆ ಎಲ್ಲರಿಗೂ ಮೊದಲು ಹೊಳೆಯುವ ಮದ್ದು ಐಡಲ್ ಟೈಮ್‌ಔಟ್, ಅಂದರೆ ಗೊತ್ತುಪಡಿಸಿದ ಅವಧಿಯವರೆಗೆ ಚಟುವಟಿಕೆಯಿಲ್ಲದ ಸಂಪರ್ಕವನ್ನು ಮುಚ್ಚಿಬಿಡುವುದು. ನೆಟಿ, ಮಿನಾದಂತಹ ಜಾವಾ ನೆಟ್‌ವರ್ಕ್ ಚೌಕಟ್ಟುಗಳು ಓದು, ಬರಹ, ಎರಡೂ ಎಂದು ಮೂರು ಬಗೆಯ ಗಡಿಯಾರಗಳನ್ನು ಕೊಡುತ್ತವೆ. ಇಲ್ಲಿ ಬೇಕಾದದ್ದು ಓದಿನದು ಮಾತ್ರ. ಬರಹದ ಗಡಿಯಾರ ಸದಾ ಹೊಡೆದುಕೊಳ್ಳುತ್ತಲೇ ಇರುತ್ತದೆ. 'ಎರಡೂ' ಎಂಬುದನ್ನು ಆರಿಸಿದ್ದರೆ, ಮುಂದೆ ಯಾರಾದರೂ ಸರ್ವರ್‌ನಿಂದ ಒಂದು ಪಿಂಗ್ ಕಳುಹಿಸತೊಡಗಿದಾಗ, ಸ್ಥಳೀಯ ಕರ್ನಲ್‌ಗೆ ಒಪ್ಪಿಸಿದ ಬೈಟುಗಳೇ ಚಟುವಟಿಕೆ ಎಂದು ಲೆಕ್ಕಕ್ಕೆ ಬಂದು ಸತ್ತ ಸಂಪರ್ಕವೂ ಜೀವಂತವಾಗಿ ಕಾಣಬಹುದು.

ಆದರೆ ಮುಚ್ಚುವುದಕ್ಕೂ ಒಂದು ಬೆಲೆಯಿದೆ. ಸಿಸ್‌ಲಾಗ್ ಕಳುಹಿಸುವ ಸಾಧನ ಬರೆಯುವುದೇ ಹೊರತು ಸಾಕೆಟ್‌ನಿಂದ (ಸಂಪರ್ಕದ ತನ್ನ ಕಡೆಯ ತುದಿಯಿಂದ) ಓದುವ ಗೋಜಿಗೆ ಸಾಮಾನ್ಯವಾಗಿ ಹೋಗುವುದಿಲ್ಲವಾದ್ದರಿಂದ, ಸರ್ವರ್ ಸೆಷನ್ ಮುಚ್ಚಿದ್ದು ಅದರ ಗಮನಕ್ಕೆ ಬರುವುದಿಲ್ಲ. ಗಂಟೆಗಟ್ಟಲೆ ಸುಮ್ಮನಿದ್ದ ಸ್ವಿಚ್‌ನಲ್ಲಿ ನಡುರಾತ್ರಿ ಒಂದು ಲಿಂಕ್ ಕಡಿಯಿತೆನ್ನಿ. ಸಂದೇಶ ಅದರ ಕರ್ನಲ್ ಬಫರ್ ಸೇರುತ್ತದೆ, ರೈಟ್ ಕರೆ ಯಶಸ್ವಿಯಾಗಿಯೇ ಮರಳುತ್ತದೆ. ಪ್ಯಾಕೆಟ್ ತಲುಪಿದಾಗ ಸರ್ವರ್ ರೀಸೆಟ್ ಕಳುಹಿಸುತ್ತದೆ. 'ಬ್ರೋಕನ್ ಪೈಪ್' ದೋಷ ಕಾಣಿಸುವುದು ಮುಂದಿನ ಬರಹದಲ್ಲಿ. ಕಳೆದುಹೋದದ್ದು ನಮಗೆ ನಿಜಕ್ಕೂ ಬೇಕಾಗಿದ್ದ ಸಾಲು. ವೆಬ್ ಸರ್ವರ್‌ಗಳ ರೂಢಿಯಂತೆ ಒಂದೆರಡು ನಿಮಿಷದ ಟೈಮ್‌ಔಟನ್ನು ಇಲ್ಲಿಗೆ ತರುವುದನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ.

ಸತ್ತವರನ್ನು ಗುರುತಿಸುವ ಕೆಲಸವನ್ನು ಟಿಸಿಪಿ ಕೀಪ್‌ಅಲೈವ್‌ಗೆ, ಅಂದರೆ ಸುಮ್ಮನಿರುವ ಸಂಪರ್ಕದ ಆಚೆ ತುದಿ ಇನ್ನೂ ಇದೆಯೇ ಎಂದು ಕರ್ನಲ್ಲೇ ಪ್ಯಾಕೆಟ್ ಕಳುಹಿಸಿ ನೋಡುವ ವ್ಯವಸ್ಥೆಗೆ, ವಹಿಸುವುದು ಮೇಲು. ಸಾಕೆಟ್ ಮೇಲೆ ಅದನ್ನು ನಾವೇ ಚಾಲೂ ಮಾಡಬೇಕು. ಮಾಡಿದರೂ ಲಿನಕ್ಸ್‌ನ ಮೂಲ ಮೌಲ್ಯಗಳಂತೆ ಮೊದಲ ತಪಾಸಣೆ 7200 ಸೆಕೆಂಡುಗಳ ಬಳಿಕ, ಆಮೇಲೆ 75 ಸೆಕೆಂಡಿಗೊಂದರಂತೆ 9 ಬಾರಿ. ಅಂದರೆ 2 ಗಂಟೆ 11 ನಿಮಿಷ ದಾಟುತ್ತದೆ. ಪ್ರತಿ ಸಾಕೆಟ್‌ಗೂ ಈ ಮೂರನ್ನು ಕ್ರಮವಾಗಿ 120, 20, 3 ಎಂದು ಹೊಂದಿಸಿದರೆ ಸುಮಾರು 3 ನಿಮಿಷದಲ್ಲಿ ಸತ್ಯ ತಿಳಿಯುತ್ತದೆ. ನಡುವೆ ಸಂಪರ್ಕವನ್ನು ತಾನೇ ಕೊನೆಗೊಳಿಸಿ ಹೊಸದನ್ನು ತೆರೆಯುವ ಪ್ರಾಕ್ಸಿ ಇದ್ದರೆ ಮಾತ್ರ ಈ ತಪಾಸಣೆಗೆ ಉತ್ತರಿಸುವುದು ಆ ಪ್ರಾಕ್ಸಿಯೇ, ಸಾಧನವಲ್ಲ.

ಅಂತಹ ಕಡೆ ಓದಿನ ಟೈಮ್‌ಔಟ್ ಅನಿವಾರ್ಯ. ಅದರ ಅವಧಿಯನ್ನು ಕಳುಹಿಸುವವರ ಲಯ ನೋಡಿ ನಿರ್ಧರಿಸಬೇಕು: ಸಿಸ್‌ಲಾಗ್ ತಂತ್ರಾಂಶವಾದ ಆರ್‌ಸಿಸ್‌ಲಾಗ್‌ನ ಮಾರ್ಕ್ ಮಾಡ್ಯೂಲ್ ಮೂಲತಃ 1200 ಸೆಕೆಂಡಿಗೊಮ್ಮೆ ಸಂದೇಶ ಹುಟ್ಟಿಸುತ್ತದೆ, ಅದನ್ನು ಸರ್ವರ್‌ಗೂ ರವಾನಿಸುವಂತೆ ಮಾಡಿದ್ದರೆ, ಮೂರು ಮಾರ್ಕ್‌ಗಳಷ್ಟು, ಅಂದರೆ ಒಂದು ಗಂಟೆ ಕಾದು ಮುಚ್ಚಬಹುದು. ಮುಚ್ಚುವ ಮುನ್ನ ಬಫರ್‌ನಲ್ಲಿ ಸಾಲಿನ ಕೊನೆಯ ಗುರುತಿಗಾಗಿ ಕಾಯುತ್ತಿರುವ ಅರೆಸಂದೇಶವನ್ನು 'ಅಪೂರ್ಣ' ಎಂಬ ಗುರುತಿನೊಂದಿಗೆ ಉಳಿಸಿ, ಸಾಧನದ ವಿಳಾಸವನ್ನೂ ಕೊನೆಯ ಸಂದೇಶ ಬಂದ ಸಮಯವನ್ನೂ ಸರ್ವರ್‌ನ ಸ್ವಂತ ಲಾಗ್‌ಗೆ ಬರೆಯಬೇಕು.