ತೇರೆಳೆಯುವವರು, ಗಾಲಿಗೆ ತಡೆ ಕೊಡುವವರು

ಪಾಂಡವಪುರದ ಕಡೆಯ ಒಂದು ಮನೆಯ ಹಜಾರದಲ್ಲಿ ಹಾರ ಹಾಕಿದ ಮೂರು ಫೋಟೊಗಳಿವೆ. ಅಜ್ಜ, ದೊಡ್ಡಪ್ಪ, ಅಪ್ಪ. ಮೂವರಲ್ಲಿ ಒಬ್ಬರೂ ನಲವತ್ತೈದು ದಾಟಲಿಲ್ಲ. ಒಬ್ಬರಂತೂ ಕಬ್ಬಿನ ಹೊರೆ ಎತ್ತುವಾಗಲೇ ಕುಸಿದರು. ಗಂಡುಸಂತತಿಗೆ ತಗುಲಿದ ಶಾಪವೆಂದು ಶಾಂತಿ ಮಾಡಿಸಿದರು, ತಲೆಬಾಗಿಲನ್ನೇ ಕಿತ್ತು ಬೇರೆ ದಿಕ್ಕಿಗೆ ಇಡಿಸಿದರು. ಉಳಿದವರ ಎದೆಗೆ ಒಂದು ಎಕೋ, ಅಂದರೆ ಶಬ್ದತರಂಗದಿಂದ ಹೃದಯವನ್ನು ನೋಡುವ ಪರೀಕ್ಷೆ, ಮಾಡಿಸಬೇಕೆಂದು ಮಾತ್ರ ಈಚಿನವರೆಗೂ ಯಾರಿಗೂ ತೋಚಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಊರಿನ ಬಾಯಲ್ಲಿ ಎಲ್ಲವೂ ಹಾರ್ಟ್ ಅಟ್ಯಾಕ್. ಆದರೆ ರಕ್ತನಾಳ ಕಟ್ಟಿಕೊಳ್ಳುವುದು ಬೇರೆ, ಹೃದಯದ ಸ್ನಾಯುವೇ ಹುಟ್ಟಿನಿಂದ ತಪ್ಪು ಬರಹ ಹೊತ್ತು ಬರುವುದು ಬೇರೆ. ಎಣ್ಣೆ, ಕೊಬ್ಬಿಗೂ ಇದಕ್ಕೂ ಸಂಬಂಧವಿಲ್ಲ. ಹೃದಯದ ಗೋಡೆ ದಪ್ಪವಾಗುವ, ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪಥಿ ಎಂಬ ಇಂಥ ಕಾಯಿಲೆ ಸುಮಾರು 500 ಜನರಲ್ಲಿ ಒಬ್ಬರಿಗಿದೆ.

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥ ಹೊರಡುವಾಗ ಎಲ್ಲರ ಕಣ್ಣು ಹಗ್ಗ ಹಿಡಿದವರ ಮೇಲೆ. ನನ್ನ ಕಣ್ಣು ಗಾಲಿಯ ಪಕ್ಕದಲ್ಲಿ ಬಗ್ಗಿ ನಡೆಯುತ್ತ, ಬೇಕಾದಾಗ ಮರದ ತುಂಡು ಕೊಟ್ಟು ತೇರನ್ನು ಹದಕ್ಕೆ ತರುವವರ ಮೇಲೆ. ಹೃದಯದ ಸ್ನಾಯುವಿನಲ್ಲೂ ಆಕ್ಟಿನ್ ಎಂಬ ಹಗ್ಗವಿದೆ, ಅದನ್ನು ಎಳೆಯುವ ಮಯೋಸಿನ್ ಇದೆ, ಮಯೋಸಿನ್‌ಗೆ ತಡೆ ಕೊಡುವ ಇನ್ನೊಂದು ಪ್ರೋಟೀನ್ ಇದೆ: ಮಯೋಸಿನ್ ಬೈಂಡಿಂಗ್ ಪ್ರೋಟೀನ್ ಸಿ. ಎಳೆದಷ್ಟೇ ಮುಖ್ಯ ಬಿಡುವುದು. ಬಿಟ್ಟಾಗಲೇ ಹೃದಯದೊಳಗೆ ರಕ್ತ ತುಂಬುತ್ತದೆ, ತೂಬು ಎತ್ತಿದಾಗ ಗದ್ದೆಗೆ ನೀರು ಹರಿದಂತೆ. ತಡೆ ಕೊಡುವವರು ಕಡಿಮೆಯಾದರೆ ಎಳೆಯುವವರು ನಿಲ್ಲಬೇಕಾದಾಗಲೂ ಎಳೆಯುತ್ತಾರೆ. ಇಂಧನ ವ್ಯರ್ಥವಾಗುತ್ತದೆ, ಗೋಡೆ ದಪ್ಪವಾಗಿ ಬಿಗಿಯುತ್ತದೆ, ಎಳೆಗಳ ನೇಯ್ಗೆ ಕೆಡುತ್ತದೆ. ಹಾಸು ಹೊಕ್ಕು ಗೋಜಲಾದ ರೇಷ್ಮೆಯಂತಾದ ಆ ಸ್ನಾಯುವಿನಲ್ಲಿ ವಿದ್ಯುತ್ ಸಂಕೇತ ದಾರಿ ತಪ್ಪುತ್ತದೆ. ಕಬ್ಬಿನ ಗದ್ದೆಯಲ್ಲಿ ಆಳು ಕುಸಿಯುವುದು ಆ ಕ್ಷಣದಲ್ಲಿ.

1958ರಲ್ಲಿ ಲಂಡನ್ನಿನ ವೈದ್ಯ ಡೊನಾಲ್ಡ್ ಟೀರ್ ಎಂಟು ಮಂದಿಯ ಹೃದಯಗಳಲ್ಲಿ ಈ ಒಕ್ಕಡೆಯ ದಪ್ಪವನ್ನೂ ಕೆಟ್ಟ ನೇಯ್ಗೆಯನ್ನೂ ಕಂಡು ಬರೆದರು. ಕಾರಣದ ಎಳೆ ಸಿಕ್ಕಲು ಮೂರು ದಶಕ ಹಿಡಿಯಿತು. 1990ರಲ್ಲಿ, ಕೆನಡಾದ ಒಂದು ದೊಡ್ಡ ಕುಟುಂಬದಲ್ಲಿ, ಮಯೋಸಿನ್ ಜೀನಿನ ಒಂದೇ ಒಂದು ಅಕ್ಷರ ಬದಲಾಗಿರುವುದು ಪತ್ತೆಯಾಯಿತು.

ನಮಗೆ ಇನ್ನೂ ಹತ್ತಿರದ ಸಂಗತಿ ಆ ತಡೆ ಕೊಡುವ ಪ್ರೋಟೀನಿನದು. ಅದರ ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ಒಂದು ರೂಪ ದಕ್ಷಿಣ ಏಷ್ಯಾದ ನೂರಕ್ಕೆ ಸುಮಾರು ನಾಲ್ವರಲ್ಲಿದೆ ಎಂದು ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಆ ಲೋಪದಿಂದ ಪ್ರೋಟೀನಿನ ಬಾಲದ ಆಕಾರವೇ ಬದಲಾಗುತ್ತದೆ, ಹಿಡಿ ಮುರಿದ ಮರದ ತುಂಡಿನಂತೆ. ಇದನ್ನು ಹೊತ್ತವರೆಲ್ಲ ರೋಗಿಗಳಲ್ಲ, ಎಷ್ಟೋ ಜನ ತುಂಬು ಬಾಳು ಬಾಳುತ್ತಾರೆ. ಜೊತೆಗೆ ಬೇರೆ ಯಾವ ಬದಲಾವಣೆ ಇದೆ ಎಂಬುದರ ಮೇಲೆ ಅಪಾಯ ಏರುತ್ತದೆ ಎಂದು ಮುಂದಿನ ಸಂಶೋಧನೆಗಳು ತಿಳಿಸಿವೆ. ಸೋದರಸಂಬಂಧದ ಮದುವೆಯಲ್ಲಿ ಎರಡೂ ಕಡೆಯಿಂದ ಅದೇ ರೂಪ ಮಗುವಿಗೆ ಬಂದರೆ ಕಾಯಿಲೆ ಬೇಗನೆ, ಬಿರುಸಾಗಿ ಬರಬಹುದು.

ಸಾಮಾನ್ಯವಾಗಿ ಅಪ್ಪ, ಅಮ್ಮನಿಂದ ಬಂದ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಈ ಕಾಯಿಲೆ ಬರಲು ಸಾಕು. ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ. ಮದುವೆಯಾಗಿ ಮಳವಳ್ಳಿಗೋ ಮದ್ದೂರಿಗೋ ಹೋದ ಹೆಣ್ಣುಮಕ್ಕಳನ್ನು ಶಾಪದ ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ. ಅವರ ಮಕ್ಕಳ ಫೋಟೊ ಬೇರೆ ಮನೆಯ ಗೋಡೆಯಲ್ಲಿ ತೂಗುತ್ತದೆ.

ಗೊತ್ತಾದರೆ ಮಾಡಲು ಬೇಕಾದಷ್ಟಿದೆ: ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ, ಅಪಾಯ ಹೆಚ್ಚಿದ್ದವರಿಗೆ ಎದೆಯಲ್ಲಿ ಕೂರಿಸುವ, ಬಡಿತ ದಾರಿ ತಪ್ಪಿದಾಗ ವಿದ್ಯುತ್ ಕೊಟ್ಟು ಸರಿಪಡಿಸುವ ಡಿಫಿಬ್ರಿಲೇಟರ್. ಮಯೋಸಿನ್‌ನ ಅತಿ ಎಳೆತವನ್ನೇ ತಗ್ಗಿಸುವ ಮಾವಾಕಾಮ್ಟೆನ್ ಎಂಬ ಔಷಧಕ್ಕೆ ಅಮೆರಿಕ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಗಾಲಿಗೆ ಮರದ ತುಂಡನ್ನು ಹೊರಗಿನಿಂದ ತಂದು ಕೊಟ್ಟಂತೆ!

ಆ ಮನೆಯ ಮಗಳು ಕಳೆದ ತಿಂಗಳು ಮೈಸೂರಿನಲ್ಲಿ ಎಕೋ ಮಾಡಿಸಿಕೊಂಡಳು. ಹೃದಯದ ನಡುಗೋಡೆ 16 ಮಿಲಿಮೀಟರ್. ದೊಡ್ಡವರಲ್ಲಿ 15 ಮುಟ್ಟಿದರೆ, ಇಂಥ ಮನೆತನದವರಲ್ಲಿ 13ಕ್ಕೇ, ವೈದ್ಯರು ಎಚ್ಚರಗೊಳ್ಳುತ್ತಾರೆ. ವರದಿಯನ್ನು ಕೈಯಲ್ಲಿ ಹಿಡಿದೇ ಅವಳು ಮೊದಲು ಫೋನ್ ಮಾಡಿದ್ದು ಮಳವಳ್ಳಿಯ ಸೋದರತ್ತೆಗೆ.