ಮೂರನೇ ಸಿಲಿಂಡರಿನ ತುಕ್ಕು

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಕಾಕಾನ ಅಂಬಾಸಡರ್ ತಗಡಿನ ಶೆಡ್ಡಿನಲ್ಲಿ ಹನ್ನೊಂದು ಮಳೆಗಾಲ ಕಳೆದಿತ್ತು. 1978ರ ಮಾರ್ಕ್ 3, 1489 ಸಿಸಿ ಪೆಟ್ರೋಲ್ ಎಂಜಿನ್. ಹೊಸ ಬ್ಯಾಟರಿ ಕೂರಿಸಿ ಕಾಕಾ ಇನ್ನೇನು ಕೀಲಿ ತಿರುವಬೇಕು, ಹುಬ್ಬಳ್ಳಿಯ ಮಿಸ್ತ್ರಿ ತಡೆದರು.

"ಸೆಲ್ಫ್ ಹೊಡಿಬ್ಯಾಡ್ರಿ ಸಾಹೇಬ್ರ. ಮೊದ್ಲ ಪ್ಲಗ್ ಬಿಚ್ಚೂಣು."

ಹ್ಯಾಂಡಲ್ ಹಾಕಿ ಕೈಯಿಂದಲೇ ಎಂಜಿನ್ ತಿರುವಿ ನೋಡಿದೆವು. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಪ್ಲಗ್ ತೂತಿನಲ್ಲಿ ಪುಟ್ಟ ಕ್ಯಾಮೆರಾ ಇಳಿಸಿದಾಗ ನಾಲ್ಕರಲ್ಲಿ ಮೂರು ಸಿಲಿಂಡರ್ ಹೆಚ್ಚುಕಮ್ಮಿ ಸ್ವಚ್ಛ. ಮೂರನೆಯದರಲ್ಲಿ ಮಾತ್ರ ಕೆಂಪು ತುಕ್ಕು.

ಒಂದಕ್ಕೇ ಯಾಕೆ? ನಾಲ್ಕು ಸಿಲಿಂಡರಿನ ಎಂಜಿನ್ ಎಲ್ಲೇ ನಿಲ್ಲಲಿ, ಅದರಲ್ಲಿ ಒಂದಾದರೂ ವಾಲ್ವ್ ತೆರೆದೇ ಇರುತ್ತದೆ. ಅಂದರೆ ಆ ಸಿಲಿಂಡರ್ ಬಾಗಿಲು ಹಾಕದ ಮನೆ; ಇಲ್ಲಿ ಅದು ಮೂರನೆಯದು. ಸೈಲೆನ್ಸರ್ ಕೊಳವೆಯಿಂದ ಧಾರವಾಡದ ಆಷಾಢದ ಗಾಳಿ ನೇರ ಒಳಗೆ. ಸಿಲಿಂಡರಿನ ಗೋಡೆಯ ಮೇಲಿದ್ದ ಆಯಿಲ್ ಪದರ ವರ್ಷ ಕಳೆದಂತೆ ಇಳಿದುಹೋಗಿರುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಆದರೆ ಪಿಸ್ಟನ್ ಸುತ್ತಲಿನ ರಿಂಗಿಗೂ ಗೋಡೆಗೂ ನಡುವೆ ಜಾಗವೇ ಇಲ್ಲ. ಅಲ್ಲಿಗೆ ಪಿಸ್ಟನ್ ಜಾಮ್. ಆಗ ಸೆಲ್ಫ್ ಹೊಡೆದರೆ ರಿಂಗ್ ಮುರಿಯಬಹುದು, ಗೋಡೆ ಗೀರಬಹುದು.

ಮಿಸ್ತ್ರಿ ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ ಪ್ಲಗ್ ತೂತಿಗೆ ಸುರಿದರು. ತೆಳು ಡೀಸೆಲ್ ಸಂದಿಗೆ ತಾನಾಗಿ ನುಸುಳುತ್ತದೆ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ. ಮೂರನೇ ದಿನ ಹ್ಯಾಂಡಲ್ ಕೂದಲೆಳೆಯಷ್ಟು ಕದಲಿತು. ಕಾಕಾ ಆ ದಿನ ಎರಡು ಸಲ ಚಹಾ ಕುಡಿಸಿದರು!

ಟ್ಯಾಂಕಿನ ಪೆಟ್ರೋಲ್ ಹಳೆ ವಾರ್ನಿಷ್ ನಾರುತ್ತಿತ್ತು. ಗಾಳಿಯ ಆಮ್ಲಜನಕ ಸೇರಿ ಅದು ಅಂಟಾಗಿ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ಟಿನ ತೂತು ಮುಚ್ಚಿತ್ತು. ಅದನ್ನೆಲ್ಲ ತೊಳೆದು, ಹೊಸ ಆಯಿಲ್ ಹಾಕಿ ಚಾಲೂ ಮಾಡಿದೆವು. ಮೊದಲು ಬಿಳಿ ಹೊಗೆ, ಆಮೇಲೆ ಸೈಲೆನ್ಸರಿನಿಂದ ತೊಟತೊಟ ನೀರು.

"ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು ಒಳಗ ಬಂತೇನು?" ಕಾಕಾ ಗಾಬರಿಯಾದರು.

"ಇಲ್ರಿ. ಮೊದ್ಲ ಹೆಂಗ ಚಾಲೂ ಮಾಡ್ತಿದ್ರಿ?"

"ರವಿವಾರಕ್ಕೊಮ್ಮೆ, ಎರಡ ನಿಮಿಷ. ಕೆಡಬಾರದಂತ."

ಮಿಸ್ತ್ರಿ ನಕ್ಕರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನ ಹೈಡ್ರೋಜನ್ ಆಮ್ಲಜನಕದ ಜೊತೆ ಸೇರಿ ಆಗುವ ನೀರದು. ಎಂಜಿನ್, ಸೈಲೆನ್ಸರ್ ಚೆನ್ನಾಗಿ ಕಾದರೆ ಆವಿಯಾಗಿ ಹೊರಬೀಳುತ್ತದೆ. ಎರಡೇ ನಿಮಿಷಕ್ಕೆ ನಿಲ್ಲಿಸಿದರೆ ಒಳಗೇ ತಂಗುತ್ತದೆ. ಬ್ಯಾಟರಿ ಸಾಯುವವರೆಗೂ ಕಾಕಾ ಪ್ರತಿ ವಾರ ಅಕ್ಕರೆಯಿಂದ ಸೈಲೆನ್ಸರಿಗೆ ನೀರು ಕುಡಿಸಿದ್ದರು, ಅಷ್ಟೆ.

ಬ್ರೇಕ್ ಕೆಲಸಕ್ಕೆ ಇನ್ನೊಂದು ವಾರ ಹಿಡಿಯಿತು. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರುತ್ತದಲ್ವಾ, ಚಕ್ರದ ಬ್ರೇಕ್ ಸಿಲಿಂಡರುಗಳೂ ತುಕ್ಕಿಗೆ ಹಿಡಿದುಕೊಂಡಿದ್ದವು. ಈಗ ರವಿವಾರ ಬಂತೆಂದರೆ ಕಾಕಾ ಕಾರು ತೆಗೆದು ಕಿತ್ತೂರಿನವರೆಗೆ ಹೋಗಿ ಬರುತ್ತಾರೆ. ಕಾಕೂ ಕೇಳಿದರೆ, "ಸೈಲೆನ್ಸರ್ ಒಣಗಸಾಕ" ಅನ್ನುತ್ತಾರೆ.