ಐರ್ಲೆಂಡಿನ ಹಳ್ಳಿಗಳ ಜೊತೆ ನಿಲ್ಲುವ ಸ್ಥಳೀಯ ಅಭಿವೃದ್ಧಿ ಕಂಪನಿಗಳು: ಒಂದು ಅಧ್ಯಯನ ಟಿಪ್ಪಣಿ

ಗ್ರಾಮೀಣ ಅಭಿವೃದ್ಧಿ ಓದುವವರು ಐರ್ಲೆಂಡಿನ ಪಾಠಕ್ಕೆ ಬಂದಾಗ ಹೆಚ್ಚಾಗಿ ಒಂದೇ ಜಾಗದಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಅಲ್ಲಿನ ‘ಲೋಕಲ್ ಡೆವಲಪ್‌ಮೆಂಟ್ ಕಂಪನಿ’ ಸರ್ಕಾರದ್ದಾ, ಖಾಸಗಿಯದ್ದಾ, ಇಲ್ಲಾ ಎನ್‌ಜಿಒನಾ? ಇದು ಬಿಡಿಸಿಕೊಂಡರೆ ಮುಂದಿನದೆಲ್ಲ ಸಲೀಸು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಕಂಪನಿ ಯಾರದು?

ಕಾನೂನಿನ ಪ್ರಕಾರ ಇವು ‘ಗ್ಯಾರಂಟಿ ಮಿತಿಯ ಕಂಪನಿ’ಗಳು. ಷೇರು ಇಲ್ಲ, ಷೇರುದಾರರಿಲ್ಲ, ಲಾಭ ಹಂಚುವಂತಿಲ್ಲ. ನಮ್ಮ ಕಂಪನಿ ಕಾಯ್ದೆಯ ಸೆಕ್ಷನ್ 8 ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಆಡಳಿತ ಮಂಡಳಿಯಲ್ಲಿ ಊರಿನ ಸಂಘಗಳ ಪ್ರತಿನಿಧಿಗಳು, ರೈತ ಸಂಘಟನೆ ಮತ್ತು ಕಾರ್ಮಿಕ ಸಂಘಟನೆಯವರು, ಚುನಾಯಿತ ಕೌನ್ಸಿಲರ್‌ಗಳು, ಸರ್ಕಾರಿ ಸಂಸ್ಥೆಗಳವರು ಒಟ್ಟಿಗೆ ಕೂರುತ್ತಾರೆ. ಇವರಿಗೆ ಸಂಬಳ ಇಲ್ಲ. ಸಂಬಳ ಇರುವುದು ಕಚೇರಿಯ ಸಿಬ್ಬಂದಿಗೆ ಮಾತ್ರ.

ದುಡ್ಡು ಹೆಚ್ಚಿನಂಶ ಐರಿಷ್ ಸರ್ಕಾರ ಮತ್ತು ಯುರೋಪಿಯನ್ ಒಕ್ಕೂಟದಿಂದ ಬರುತ್ತದೆ. ತೀರ್ಮಾನದಲ್ಲಿ ಮಾತ್ರ ಊರಿನವರಿಗೂ ಪಾಲಿರುತ್ತದೆ. ಇಂಥ ಕಂಪನಿಗಳು ದೇಶದಲ್ಲಿ ಸುಮಾರು ಐವತ್ತು ಇವೆ. ‘ಐರಿಷ್ ಲೋಕಲ್ ಡೆವಲಪ್‌ಮೆಂಟ್ ನೆಟ್‌ವರ್ಕ್’ ಅನ್ನುವುದು ಅವುಗಳ ಒಕ್ಕೂಟ.

ಇವು ಯಾಕೆ ಬೇಕಾದವು?

ಮೊದಲು ಜನಸಂಖ್ಯೆ ನೋಡಿ. ಇವತ್ತಿನ ಐರ್ಲೆಂಡ್ ಗಣರಾಜ್ಯ ಇರುವ ಭಾಗದಲ್ಲಿ 1841ರಲ್ಲಿ ಸುಮಾರು 65 ಲಕ್ಷ ಜನ ಇದ್ದರು. 1840ರ ದಶಕದ ಆಲೂಗಡ್ಡೆ ಬರಗಾಲ, ಆಮೇಲೆ ತಲೆಮಾರುಗಟ್ಟಲೆ ನಡೆದ ವಲಸೆ. 1961ಕ್ಕೆ ಉಳಿದವರು ಸುಮಾರು 28 ಲಕ್ಷ. 2022ರ ಜನಗಣತಿಯಲ್ಲಿ ಈ ಸಂಖ್ಯೆ 51 ಲಕ್ಷ ದಾಟಿದೆ, ನಿಜ. ಆದರೆ ಏರಿಕೆಯ ದೊಡ್ಡ ಪಾಲು ಡಬ್ಲಿನ್ ಮತ್ತು ಅದರ ಸುತ್ತಮುತ್ತ. ಪಶ್ಚಿಮದ ಎಷ್ಟೋ ಹಳ್ಳಿಗಳಲ್ಲಿ ಅಂಚೆ ಕಚೇರಿ, ಅಂಗಡಿ, ಶಾಲೆ ಉಳಿಸಿಕೊಳ್ಳುವುದೇ ಇವತ್ತಿಗೂ ದೊಡ್ಡ ಕೆಲಸ.

ಊರಿನವರೇ ಸೇರಿ ಏನಾದರೂ ಮಾಡುವುದು ಅಲ್ಲಿ ಹಳೆಯ ರೂಢಿ. ಸುಗ್ಗಿಯಲ್ಲಿ ಒಬ್ಬರ ಹೊಲಕ್ಕೆ ಊರವರೆಲ್ಲ ಹೋಗಿ ದುಡಿದುಕೊಡುವ ‘ಮೆಹಲ್’ ಪದ್ಧತಿ ಇತ್ತು. ನಮ್ಮ ಮುಯ್ಯಾಳು ಇದ್ದ ಹಾಗೆ. 1889ರಲ್ಲಿ ಲಿಮರಿಕ್ ಕೌಂಟಿಯಲ್ಲಿ ಮೊದಲ ಸಹಕಾರಿ ಬೆಣ್ಣೆ ಡೈರಿ ಶುರುವಾಯಿತು. ಅದರ ಹಿಂದಿದ್ದವರು ಹೊರೇಸ್ ಪ್ಲಂಕೆಟ್ ಮತ್ತು ಅವರ ಜೊತೆಗಾರರು. 1930ರ ದಶಕದಲ್ಲಿ ಪಾದ್ರಿ ಜಾನ್ ಹೇಯ್ಸ್ ‘ಮುಯಿಂಟಿರ್ ನ ಟೀರ’ ಅನ್ನುವ ಹಳ್ಳಿಗರ ಸ್ವಸಹಾಯ ಚಳವಳಿ ಕಟ್ಟಿದರು. ಡೊನೆಗಾಲ್ ಕೌಂಟಿಯ ಗ್ಲೆನ್‌ಕೊಲಂಕಿಲ್‌ಗೆ 1951ರಲ್ಲಿ ಬಂದ ಪಾದ್ರಿ ಜೇಮ್ಸ್ ಮೆಕ್‌ಡೈಯರ್, ಊರು ಖಾಲಿಯಾಗುವುದನ್ನು ತಡೆಯಲು ಸಹಕಾರಿ ಉದ್ಯಮಗಳನ್ನೂ ಒಂದು ಜನಪದ ಗ್ರಾಮವನ್ನೂ ನಿಲ್ಲಿಸಿದರು. ಆ ಜನಪದ ಗ್ರಾಮವನ್ನು ನೋಡಲು ಈಗಲೂ ಜನ ಹೋಗುತ್ತಾರೆ.

ಈ ಮೂರು ಹೆಸರು ಪರೀಕ್ಷೆಗೆ ನೆನಪಿಟ್ಟುಕೊಳ್ಳಿ. ಇವುಗಳ ಮಿತಿಯನ್ನೂ ಗಮನಿಸಿ. ಎಲ್ಲ ಕಡೆ ಒಬ್ಬ ಬಲವಾದ ವ್ಯಕ್ತಿ ಮುಂದೆ ನಿಂತಿದ್ದಾರೆ. ಅಂಥವರು ಇಲ್ಲದ ಊರಿನ ಗತಿ ಏನು?

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1991ರಲ್ಲಿ. ನಿರುದ್ಯೋಗ ವಿಪರೀತ ಇದ್ದ ಕಾಲ ಅದು. ಆ ವರ್ಷ ಸರ್ಕಾರ 12 ಪ್ರದೇಶಗಳಲ್ಲಿ ‘ಪಾರ್ಟ್‌ನರ್‌ಶಿಪ್’ ಕಂಪನಿಗಳನ್ನು ಶುರು ಮಾಡಿತು. ಅದೇ ವರ್ಷ, ಊರಿನವರೇ ರೂಪಿಸುವ ಗ್ರಾಮೀಣ ಅಭಿವೃದ್ಧಿ ಕೆಲಸಗಳಿಗೆ ಹಣ ಕೊಡುವ ಯುರೋಪಿಯನ್ ಒಕ್ಕೂಟದ ‘ಲೀಡರ್’ ಕಾರ್ಯಕ್ರಮವೂ ಬಂತು. (ಲೀಡರ್ ಅನ್ನುವುದು ಒಂದು ಉದ್ದನೆಯ ಫ್ರೆಂಚ್ ಹೆಸರಿನ ಸಂಕ್ಷೇಪ. ನಾಯಕತ್ವದ ತರಬೇತಿ ಅಂದುಕೊಂಡು ಉತ್ತರ ಬರೆಯಬೇಡಿ.) ಮರುವರ್ಷ ಸರ್ಕಾರ ಮತ್ತು ಈ ಕಂಪನಿಗಳ ನಡುವೆ ಹಣ ಹಂಚಿ ಲೆಕ್ಕ ನೋಡಲು ಒಂದು ಸಂಸ್ಥೆ ಹುಟ್ಟಿತು. 2005ರಿಂದ ಅದರ ಹೆಸರು ‘ಪೊಬಲ್’. ಪಾರ್ಟ್‌ನರ್‌ಶಿಪ್ ಮತ್ತು ಲೀಡರ್ ಗುಂಪುಗಳು ಬಹಳ ಕಾಲ ಬೇರೆ ಬೇರೆಯಾಗಿಯೇ ನಡೆದವು. 2000ದ ದಶಕದ ಕೊನೆಯಲ್ಲಿ ಅವನ್ನು ಒಂದುಗೂಡಿಸಿದರು. ಇವತ್ತಿನ ಕಂಪನಿಗಳು ಅದರ ಫಲ.

ಒಂದು ಸಮುದಾಯ ಭವನದ ಚಾವಣಿ

ಲೀಡರ್ ಹೇಗೆ ಕೆಲಸ ಮಾಡುತ್ತದೆ ಅಂತ ಚಾರ್ಟ್ ನೋಡಿ ಕಲಿಯುವುದಕ್ಕಿಂತ ಒಂದು ಕೆಲಸದ ಹಿಂದೆ ಹೋಗುವುದು ಒಳ್ಳೆಯದು. ಒಂದು ಊರಿನ ಸಮುದಾಯ ಭವನದ ಚಾವಣಿ ಸೋರುತ್ತಿದೆ ಅಂದುಕೊಳ್ಳಿ. ಅಲ್ಲಿ ಮಕ್ಕಳ ಆಟ, ವಯಸ್ಸಾದವರ ಇಸ್ಪೀಟು, ನಾಟಕ, ಲಸಿಕೆ ಶಿಬಿರ ಎಲ್ಲ ನಡೆಯುತ್ತದೆ. ಭವನದ ಸಮಿತಿಯಲ್ಲಿ ಇರುವವರು ರೈತರು, ಶಿಕ್ಷಕಿ, ನಿವೃತ್ತರು. ಯಾರಿಗೂ ಸರ್ಕಾರಿ ಅರ್ಜಿ ತುಂಬಿ ರೂಢಿ ಇಲ್ಲ.

ಅವರು ಅಭಿವೃದ್ಧಿ ಕಂಪನಿಗೆ ಫೋನ್ ಮಾಡುತ್ತಾರೆ. ಅಲ್ಲಿಂದ ಅಭಿವೃದ್ಧಿ ಅಧಿಕಾರಿಯೊಬ್ಬರು ಸಂಜೆ ಹೊತ್ತು ಬರುತ್ತಾರೆ. ಸಮಿತಿಯವರು ಸಿಗುವುದೇ ಸಂಜೆ, ಅಲ್ವಾ? ಮೊದಲ ಭೇಟಿಯಲ್ಲಿ ಹಣದ ಮಾತಿಗಿಂತ ಬೇರೆ ಪ್ರಶ್ನೆಗಳೇ ಜಾಸ್ತಿ. ಭವನ ಯಾರ ಹೆಸರಿನಲ್ಲಿದೆ? ಗುಂಪು ನೋಂದಣಿ ಆಗಿದೆಯಾ? ವಿಮೆ ಇದೆಯಾ? ತೆರಿಗೆ ಬಾಕಿ ಇಲ್ಲ ಅನ್ನುವ ಪತ್ರ ಸಿಗುತ್ತದಾ? ಚಾವಣಿ ರಿಪೇರಿಯಾದ ಮೇಲೆ ಭವನವನ್ನು ನಡೆಸುವ ಖರ್ಚು ಎಲ್ಲಿಂದ?

ಆಮೇಲೆ ಆಸಕ್ತಿ ಪತ್ರ, ನಂತರ ಪೂರ್ತಿ ಅರ್ಜಿ, ಗುತ್ತಿಗೆದಾರರ ದರಪಟ್ಟಿಗಳು, ಬೇಕಿದ್ದರೆ ಕಟ್ಟಡದ ಅನುಮತಿ. ಒಂದು ಮೌಲ್ಯಮಾಪನ ಸಮಿತಿ ಅದನ್ನು ಓದುತ್ತದೆ. ಕೊನೆಗೆ ‘ಲೋಕಲ್ ಆ್ಯಕ್ಷನ್ ಗ್ರೂಪ್’, ಅಂದರೆ ಆ ಪ್ರದೇಶದ ಲೀಡರ್ ಹಣದ ಹೊಣೆ ಹೊತ್ತ ಸ್ಥಳೀಯ ಮಂಡಳಿ, ತೀರ್ಮಾನ ಮಾಡುತ್ತದೆ. 2014ರಿಂದ 2020ರ ಅವಧಿಯ ನಿಯಮದಲ್ಲಿ ಸಮುದಾಯದ ಕಾಮಗಾರಿಗೆ ಸಾಮಾನ್ಯವಾಗಿ ವೆಚ್ಚದ 75 ಶೇಕಡದವರೆಗೆ, ಖಾಸಗಿ ಸಣ್ಣ ಉದ್ಯಮಕ್ಕೆ 50 ಶೇಕಡದವರೆಗೆ ಅನುದಾನ ಸಿಗುತ್ತಿತ್ತು. ಉಳಿದದ್ದು ಊರಿನ ಹೊಣೆ.

ಇಲ್ಲಿ ಬಹಳ ಜನ ಬಿಟ್ಟುಬಿಡುವ ಒಂದು ಸಂಗತಿ ಇದೆ. ಅನುದಾನ ಮುಂಗಡವಾಗಿ ಕೈಗೆ ಬರುವುದಿಲ್ಲ. ಮೊದಲು ಗುಂಪು ಖರ್ಚು ಮಾಡಬೇಕು, ಬಿಲ್ಲು ಕೊಡಬೇಕು, ಆಮೇಲೆ ಹಣ. ಬಡ ಊರಿಗೆ ನಿಜವಾದ ಗೋಡೆ ಇದೇ. ಹಾಗಾಗಿ ಮಧ್ಯದ ಅವಧಿಗೆ ಸಾಲ ಬೇಕಾಗುತ್ತದೆ. ‘ಕ್ಲಾನ್ ಕ್ರೆಡೊ’ ಮತ್ತು ‘ಕಮ್ಯುನಿಟಿ ಫೈನಾನ್ಸ್ ಐರ್ಲೆಂಡ್’ ಅನ್ನುವ ಸಾಮಾಜಿಕ ಸಾಲ ಸಂಸ್ಥೆಗಳು ಇಂಥ ಗುಂಪುಗಳಿಗೆ ಸಾಲ ಕೊಡುತ್ತವೆ. ಆ ದಾರಿ ತೋರಿಸುವುದೂ ಅಭಿವೃದ್ಧಿ ಅಧಿಕಾರಿಯ ಕೆಲಸವೇ.

ಈಗ ಹೇಳಿ, ಇಡೀ ಪ್ರಕ್ರಿಯೆಯಲ್ಲಿ ಕಂಪನಿ ಕೊಟ್ಟಿದ್ದು ಏನು? ಹಣ ಯುರೋಪ್ ಮತ್ತು ಸರ್ಕಾರದ್ದು. ಕಂಪನಿ ಕೊಟ್ಟಿದ್ದು ಜೊತೆಗೆ ಕೂರುವ ಒಬ್ಬ ಮನುಷ್ಯನನ್ನು. ಈ ವಿಷಯದಲ್ಲಿ ನೀವು ಒಂದೇ ಮಾತು ನೆನಪಿಡುವುದಾದರೆ ಇದನ್ನೇ ಇಡಿ. ಅಲ್ಲಿನವರು ಇದಕ್ಕೆ ‘ಆ್ಯನಿಮೇಷನ್’ ಅನ್ನುತ್ತಾರೆ. ಊರಿನವರನ್ನು ಹುರಿದುಂಬಿಸಿ, ಕೂಡಿಸಿ, ತಮ್ಮ ಕೆಲಸ ತಾವೇ ಮಾಡುವಷ್ಟು ತಯಾರು ಮಾಡುವ ಕೆಲಸ ಅದು.

ರೈತನ ವಾರದ 19.5 ಗಂಟೆ

ನನಗೆ ಅತಿ ಮೆಚ್ಚಿನ ಯೋಜನೆ 2004ರಲ್ಲಿ ಬಂದ ‘ರೂರಲ್ ಸೋಷಿಯಲ್ ಸ್ಕೀಮ್’. ಐರ್ಲೆಂಡಿನ ಪಶ್ಚಿಮದಲ್ಲಿ ಕಲ್ಲು ನೆಲ, ಸಣ್ಣ ಹಿಡುವಳಿ, ಒಂದಿಷ್ಟು ಕುರಿ ಅಥವಾ ದನ. ವರಮಾನ ಸಾಲದ ರೈತರಿಗೆ ಸರ್ಕಾರದಿಂದ ‘ಫಾರ್ಮ್ ಅಸಿಸ್ಟ್’ ಭತ್ಯೆ ಇದೆ. ಈ ಯೋಜನೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಕಡಿಮೆ ವರಮಾನದ ರೈತ ಅಥವಾ ಮೀನುಗಾರ ವಾರಕ್ಕೆ 19.5 ಗಂಟೆ ತನ್ನ ಊರಿನ ಕೆಲಸ ಮಾಡುತ್ತಾನೆ, ಅದಕ್ಕೆ ಪ್ರತಿವಾರ ಹಣ ಸಿಗುತ್ತದೆ. ಕೆಲಸದ ವೇಳೆಯನ್ನು ಅವನ ಬೇಸಾಯಕ್ಕೆ ಹೊಂದಿಸುತ್ತಾರೆ.

ಕೆಲಸ ಏನು? ನಡೆಯುವ ದಾರಿಗಳ ನಿರ್ವಹಣೆ, ಸ್ಮಶಾನ ಮತ್ತು ಆಟದ ಮೈದಾನ ನೋಡಿಕೊಳ್ಳುವುದು, ಸಮುದಾಯ ಭವನಕ್ಕೆ ಬಣ್ಣ, ವಯಸ್ಸಾದವರ ಆರೈಕೆಗೆ ನೆರವು. ಕಲ್ಲುಗೋಡೆ ಕಟ್ಟಲು, ಬೇಲಿ ಹಾಕಲು, ಟ್ರ್ಯಾಕ್ಟರ್ ಓಡಿಸಲು ಗೊತ್ತಿರುವ ಕೈಗಳು ಇವು. ಭತ್ಯೆ ಪಡೆಯುವವನು ಊರಿಗೆ ಬೇಕಾದವನಾಗುತ್ತಾನೆ. ಒಂಟಿಯಾಗಿ ಬದುಕುವ ರೈತನಿಗೆ ವಾರದಲ್ಲಿ ಕೆಲವು ದಿನ ಮಾತಾಡಲು ಜೊತೆ ಸಿಗುತ್ತದೆ. ಈ ಎರಡನೆಯ ಲಾಭ ಯಾವ ನಮೂನೆಯಲ್ಲೂ ಬರೆಯಲಾಗುವುದಿಲ್ಲ, ಆದರೆ ನನ್ನ ಮಟ್ಟಿಗೆ ಅದು ಮೊದಲನೆಯದಕ್ಕಿಂತ ಕಡಿಮೆಯದಲ್ಲ. ‘ತೂಸ್’ ಅನ್ನುವ ಯೋಜನೆಯೂ ಹೀಗೇ, ವಾರಕ್ಕೆ 19.5 ಗಂಟೆ. ಅದು ಬಹಳ ಕಾಲ ಕೆಲಸ ಇಲ್ಲದವರಿಗೆ. ಎರಡನ್ನೂ ಊರಲ್ಲಿ ನಡೆಸುವುದು ಈ ಕಂಪನಿಗಳು.

ಇದರ ಪಕ್ಕದಲ್ಲೇ ‘ವಾಕ್ಸ್ ಸ್ಕೀಮ್’ ಓದಿಕೊಳ್ಳಿ. ಐರ್ಲೆಂಡಿನಲ್ಲಿ ಬೇರೆಯವರ ಜಮೀನಿನಲ್ಲಿ ಮನಸ್ಸಿಗೆ ಬಂದಂತೆ ನಡೆಯುವ ಹಕ್ಕು ಸಾರ್ವಜನಿಕರಿಗೆ ಇಲ್ಲ. ಬೆಟ್ಟದ ದಾರಿ ರೈತನ ಒಪ್ಪಿಗೆಯ ಮೇಲೆ ನಿಂತಿದೆ. 2008ರಿಂದ, ದಾರಿ ಹಾದುಹೋಗುವ ಜಮೀನಿನವರಿಗೆ ಅದನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವ ಕೆಲಸಕ್ಕೆ ಹಣ ಕೊಡುತ್ತಾರೆ. ಒಬ್ಬೊಬ್ಬ ರೈತನ ಮನೆಗೂ ಹೋಗಿ ಕೂತು, ಕೆಲಸದ ಪಟ್ಟಿ ಒಪ್ಪಿಸುವವರು ಕಂಪನಿಯ ‘ರೂರಲ್ ರಿಕ್ರಿಯೇಷನ್ ಆಫೀಸರ್’. ಒಬ್ಬ ರೈತ ಗೇಟು ಮುಚ್ಚಿದರೆ ಇಡೀ ದಾರಿಯೇ ಕಡಿಯುತ್ತದೆ. ಹೀಗಾಗಿ ಆ ಭೇಟಿಗಳು ಬಹಳ ಮುಖ್ಯ.

ಬಡತನ ಮತ್ತು ಒಳಗೊಳ್ಳುವಿಕೆಗೆ ಸಂಬಂಧಿಸಿದ ‘ಸಿಕ್ಯಾಪ್’ ಕಾರ್ಯಕ್ರಮ 2015ರಲ್ಲಿ ಶುರುವಾಯಿತು. ಕೆಲಸ ಹುಡುಕುವವರು, ಒಂಟಿ ಪೋಷಕರು, ಟ್ರಾವೆಲರ್ (ಐರ್ಲೆಂಡಿನದೇ ಅಲೆಮಾರಿ ಮೂಲದ ಜನ) ಮತ್ತು ರೋಮಾ ಸಮುದಾಯದವರು, ನಿರಾಶ್ರಿತರು ಇದರ ವ್ಯಾಪ್ತಿಗೆ ಬರುತ್ತಾರೆ. ಇದು ಊರು, ನಗರ ಎರಡಕ್ಕೂ ಇರುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ಡುಹಾಲೋ

ಒಂದು ಕಂಪನಿಯನ್ನಾದರೂ ಹೆಸರು ಹಿಡಿದು ಓದಿ. ಕಾರ್ಕ್ ಕೌಂಟಿಯ ವಾಯವ್ಯ ಭಾಗದ ನ್ಯೂಮಾರ್ಕೆಟ್‌ನಲ್ಲಿರುವ ‘ಐಆರ್‌ಡಿ ಡುಹಾಲೋ’ ಒಳ್ಳೆಯ ಆಯ್ಕೆ. 1989ರಲ್ಲಿ, ಅಂದರೆ ಲೀಡರ್‌ಗಿಂತ ಮೊದಲೇ ಹುಟ್ಟಿದ ಸಂಸ್ಥೆ ಇದು. ಹಣ ಬರುತ್ತದೆ ಅಂತ ಕಟ್ಟಿದ ಸಂಘ ಅಲ್ಲ, ಸಂಘ ಮೊದಲು, ಹಣ ಆಮೇಲೆ. 2010ರಲ್ಲಿ ಇವರು ಪರಿಸರ ರಕ್ಷಣೆಗೆ ಇರುವ ಯುರೋಪಿನ ‘ಲೈಫ್’ ನಿಧಿ ತಂದು ಬ್ಲ್ಯಾಕ್‌ವಾಟರ್ ನದಿಯ ಉಪನದಿ ಆ್ಯಲೋದ ಉದ್ದಕ್ಕೂ ಕೆಲಸ ಶುರು ಮಾಡಿದರು. ಸಿಹಿನೀರಿನ ಮುತ್ತಿನ ಚಿಪ್ಪು, ಸಾಲ್ಮನ್ ಮೀನು, ನೀರುನಾಯಿ, ಮಿಂಚುಳ್ಳಿ ಉಳಿಸುವುದು ಗುರಿ. ದನ ನದಿಗೆ ಇಳಿಯದಂತೆ ಬೇಲಿ ಹಾಕಬೇಕು. ದಡ ತುಂಬಿದ ಹಿಮಾಲಯನ್ ಬಾಲ್ಸಮ್ ಕಳೆ ಕೀಳಬೇಕು. ನಮ್ಮ ಹಿಮಾಲಯದ ಕಡೆಯಿಂದ ತೋಟದ ಹೂವಾಗಿ ಹೋಗಿ ಅಲ್ಲಿ ಕಾಟ ಕೊಡುತ್ತಿರುವ ಗಿಡ ಅದು. ಇವೆಲ್ಲ ರೈತ ಒಪ್ಪಿದರೆ ಮಾತ್ರ ಆಗುವ ಕೆಲಸ. ಎರಡು ದಶಕ ಅವರ ನಡುವೆಯೇ ಓಡಾಡಿದ ಸಂಸ್ಥೆ ಹೋಗಿ ಕೇಳುವುದಕ್ಕೂ, ರಾಜಧಾನಿಯಿಂದ ಒಂದು ಆದೇಶ ಬರುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಚೆನ್ನಾಗಿ ಕಾಣುತ್ತದೆ.

2014ರ ಬದಲಾವಣೆ

ಸ್ಥಳೀಯ ಆಡಳಿತ ಸುಧಾರಣಾ ಕಾಯ್ದೆ 2014ರಲ್ಲಿ ಬಂತು. ಪ್ರತಿ ಕೌನ್ಸಿಲ್ ವ್ಯಾಪ್ತಿಯಲ್ಲೂ ಸಮುದಾಯ ಅಭಿವೃದ್ಧಿ ಸಮಿತಿಗಳಾದವು. ಬಹುತೇಕ ಕಡೆ ಲೀಡರ್ ಹಣದ ತೀರ್ಮಾನ ಆ ಸಮಿತಿಗಳ ಕೈಗೆ ಹೋಯಿತು. ಕಂಪನಿಗಳು ಅದನ್ನು ಜಾರಿ ಮಾಡುವ ಪಾಲುದಾರರಾದವು. ಸಿಕ್ಯಾಪ್ ಟೆಂಡರ್ ಮೂಲಕ ಕೊಡುವ ಗುತ್ತಿಗೆಯಾಯಿತು.

ಪರವಾದ ವಾದ: ಸಾರ್ವಜನಿಕರ ಹಣಕ್ಕೆ ಚುನಾಯಿತರು ಜವಾಬು ಕೊಡಬೇಕು, ಒಂದೇ ಕೆಲಸ ಎರಡು ಕಡೆ ನಡೆಯಬಾರದು. ವಿರೋಧದ ವಾದ: ಒಂದು ಹಂತ ಹೆಚ್ಚಾದರೆ ಒಂದು ಸಹಿ ಹೆಚ್ಚು, ಊರಿನ ಮಾತು ಅಷ್ಟು ದೂರ. ನನಗೆ ಎರಡನೆಯದು ಹೆಚ್ಚು ಸರಿ ಅನ್ನಿಸುತ್ತದೆ. 2013ಕ್ಕೆ ಹಿಂದಿನ ಲೀಡರ್ ಅವಧಿ ಮುಗಿದರೂ ಹೊಸದರ ಒಪ್ಪಂದಗಳು ಆಗಿದ್ದು 2016ರಲ್ಲಿ. ಅಂಥ ಬಿಡುವಿನಲ್ಲಿ ಅನುಭವಿ ಅಧಿಕಾರಿಯನ್ನು ಉಳಿಸಿಕೊಳ್ಳುವುದು ಸಣ್ಣ ಕಂಪನಿಗೆ ಬಲು ಕಷ್ಟ. ಅಂಥವರು ಹೋದರೆ ಯಾವ ಊರಿನಲ್ಲಿ ಯಾರನ್ನು ಮಾತಾಡಿಸಬೇಕು ಅನ್ನುವ ತಿಳಿವಳಿಕೆಯೂ ಅವರ ಜೊತೆ ಹೋಗುತ್ತದೆ.

ಲಾಭವನ್ನು ಅಳೆಯುವುದು ಹೇಗೆ?

ಈಗ ನಡೆಯುತ್ತಿರುವ ಚರ್ಚೆ ಇದು. 2014ರಿಂದ 2020ರ ಲೀಡರ್‌ಗೆ ಐರ್ಲೆಂಡ್ 25 ಕೋಟಿ ಯೂರೊ ಇಟ್ಟಿತ್ತು. 2023ರಿಂದ 2027ಕ್ಕೆ ಇಟ್ಟಿದ್ದು 18 ಕೋಟಿ. ಅವಧಿಯೂ ಚಿಕ್ಕದು, ಆದ್ದರಿಂದ ಎರಡನ್ನೂ ನೇರವಾಗಿ ಹೋಲಿಸಬೇಡಿ. ಯುರೋಪಿಯನ್ ಲೆಕ್ಕಪರಿಶೋಧನಾ ನ್ಯಾಯಾಲಯ (ಹೆಸರು ಹಾಗಿದ್ದರೂ ಇದು ಒಕ್ಕೂಟದ ಖರ್ಚಿನ ಲೆಕ್ಕ ನೋಡುವ ಸಂಸ್ಥೆ) 2022ರಲ್ಲಿ ಇಡೀ ಯುರೋಪಿನ ಲೀಡರ್ ಬಗ್ಗೆ ಒಂದು ವರದಿ ಕೊಟ್ಟಿತು. ಸ್ಥಳೀಯರನ್ನು ತೊಡಗಿಸಿಕೊಳ್ಳಲು ಇದು ನೆರವಾಗುತ್ತದೆ ಅಂತ ಒಪ್ಪಿಕೊಂಡಿತು. ಆದರೆ ಈ ದಾರಿಗೆ ತಗಲುವ ಹೆಚ್ಚಿನ ಖರ್ಚಿಗೆ ತಕ್ಕ ಹೆಚ್ಚಿನ ಲಾಭ ಇನ್ನೂ ಸಾಕಷ್ಟು ಸಾಬೀತಾಗಿಲ್ಲ ಎಂದಿತು.

ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಟಿಪ್ಪಣಿ ಓದಿದ ನೀವು ಒಂದು ಮರುಪ್ರಶ್ನೆ ಕೇಳಬಹುದು. ಸೋರುವ ಚಾವಣಿಗೆ ಬಿದ್ದ ಹಣ ‘ಲಾಭ’ದ ಕಡೆ ಬರೆಯಲ್ಪಡುತ್ತದೆ. ಸಂಜೆ ಹೊತ್ತು ಬಂದು ಕೂತ ಅಧಿಕಾರಿಯ ಸಂಬಳ, ಕಾರಿನ ಇಂಧನ ‘ಆಡಳಿತ ಮತ್ತು ಆ್ಯನಿಮೇಷನ್ ವೆಚ್ಚ’ದ ಕಡೆ ಹೋಗುತ್ತದೆ. ಆ ಸಮಿತಿ ಮುಂದಿನ ಸಲ ಯಾರ ನೆರವೂ ಇಲ್ಲದೆ ಅರ್ಜಿ ಬರೆದರೆ, ಅದನ್ನು ಯಾವ ಕಡೆ ಬರೆಯಬೇಕು? ಉತ್ತರಪತ್ರಿಕೆಯಲ್ಲಿ ಇದರ ಮೇಲೆ ಅರ್ಧ ಪುಟ ಬರೆಯಿರಿ. ಇಸವಿಗಳ ಪಟ್ಟಿಗಿಂತ ನಿಮ್ಮ ತಿಳಿವಳಿಕೆ ಅಲ್ಲೇ ಹೆಚ್ಚು ಕಾಣುತ್ತದೆ.